ಸುಳ್ಳು ಹೇಳಿ ಒಳಗೆ ಬನ್ನಿ

ನಮ್ಮೂರಿನ ಗೇಟಿನಲ್ಲಿ ಸುಳ್ಳು ಕೇಳುವ ಕೆಲಸಕ್ಕೆ ನನ್ನನ್ನು ನೇಮಿಸಿದಾಗ ಯಾರೂ ತಕರಾರು ಮಾಡಲಿಲ್ಲ. ಮೂವತ್ತೆರಡು ವರ್ಷ ಹೆಣ್ಣು ಗಂಡು ಕೂಡಿಸಿದ ಹೆಂಗಸು ನಾನು, ಹೊನ್ನಾಜಮ್ಮ. ಹುಡುಗಿಯ ವಯಸ್ಸು, ಹುಡುಗನ ಓದು, ಅತ್ತೆಯ ಸ್ವಭಾವ, ಮಾವನ ಕೆಮ್ಮು, ಇವುಗಳ ಬಗ್ಗೆ ಈ ಕಿವಿ ಕೇಳದ ಸುಳ್ಳಿಲ್ಲ, ಈ ಬಾಯಿ ಹೇಳದ ಸುಳ್ಳೂ ಇಲ್ಲ. ಆ ರೋಗ ಬಂದು ಮದುವೆಗಳೆಲ್ಲ ನಿಂತು ನಾನು ಮನೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದಾಗ ಪಂಚಾಯಿತಿಯವರು ತಾವಾಗಿಯೇ ಬಂದು, ಈ ವಿಷಯದಲ್ಲಿ ನಿಮ್ಮಷ್ಟು ಅನುಭವ ಇರುವವರು ಊರಲ್ಲಿ ಇನ್ಯಾರಿದ್ದಾರೆ ಎಂದು ಕೇಳಿಕೊಂಡರು. ಹೊಗಳಿದರೋ ಬೈದರೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಕುರ್ಚಿ, ಮೇಜು, ದಪ್ಪ ರಿಜಿಸ್ಟರು, ಗೇಟಿನ ಬೀಗದ ಕೈ, ಇಷ್ಟನ್ನು ಕೊಟ್ಟರು. ತೆಗೆದುಕೊಂಡೆ.

ಕೆಲಸ ಏನೆಂದರೆ, ಆ ರೋಗದ ಲಸಿಕೆಯ ಎರಡನೇ ಸೂಜಿ ಹಾಕಿಸಿಕೊಂಡವರಿಗೆ ಹದಿನಾಲ್ಕು ದಿನ ಸುಳ್ಳು ಹೇಳಲು ನಾಲಿಗೆ ಹೊರಳುವುದಿಲ್ಲ. ಹದಿನೈದನೇ ದಿನದಿಂದ ಎಲ್ಲ ಮೊದಲಿನ ಹಾಗೆ. ಮೈಯಲ್ಲಿ ಲಸಿಕೆ ಕೂರುವುದಕ್ಕೂ ಅಷ್ಟೇ ದಿನ ಬೇಕಂತೆ. ತೋಳಿನ ಮೇಲೆ ಎರಡು ಗುರುತು ಇದ್ದರೆ ಸೂಜಿ ಆಗಿದೆ ಎಂದು ಗೊತ್ತಾಗುತ್ತದೆ, ಆದರೆ ಆಗಿ ಎಷ್ಟು ದಿನವಾಯಿತು ಎಂದು ತೋಳು ಹೇಳುವುದಿಲ್ಲ. ಚೀಟಿಯ ತಾರೀಖು ತಿದ್ದಿಕೊಂಡು ಬರುವವರಿಗೇನು ಬರವೇ? ಹಾಗಾಗಿ ಹೊರಗಿನಿಂದ ಬಂದವರು ಗೇಟಿನ ಆಚೆ ನಿಂತು, ತೋಳು ತೋರಿಸಿ, ನನಗೆ ಕೇಳುವ ಹಾಗೆ ಒಂದು ಸುಳ್ಳು ಹೇಳಬೇಕು. ಯಾರೋ ಕಲಿಸಿಕೊಟ್ಟ ಸುಳ್ಳು ನಡೆಯುವುದಿಲ್ಲ, ಯಾಕೆಂದರೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುವುದು ನಿನ್ನೆ ಸೂಜಿ ಹಾಕಿಸಿಕೊಂಡವನಿಗೂ ಬರುತ್ತದೆ. ಸ್ವಂತದ್ದಾಗಬೇಕು. ಅದನ್ನು ನಾನು ರಿಜಿಸ್ಟರಿನಲ್ಲಿ ಬರೆಯುತ್ತೇನೆ, ಅವರು ಓದಿ, ಇದು ನಾನೇ ಹೇಳಿದ ಸುಳ್ಳು ಎಂದು ರುಜು ಹಾಕುತ್ತಾರೆ, ಗೇಟು ತೆಗೆಯುತ್ತೇನೆ.

ಜನ ಎಷ್ಟು ಬೇಗ ಒಗ್ಗಿಕೊಂಡರು ಅಂತೀರಿ! ಮೊದಮೊದಲು ನಾಚಿಕೊಳ್ಳುತ್ತಿದ್ದವರು ಆಮೇಲೆ ಬಸ್ಸಿನಲ್ಲೇ ಯೋಚಿಸಿಕೊಂಡು ಬರತೊಡಗಿದರು. ಉಪ್ಪಿನ ಲಾರಿಯ ಡ್ರೈವರು ಪ್ರತಿ ವಾರವೂ ಬೀಡಿ ಬಿಟ್ಟುಬಿಟ್ಟೆ ಅಕ್ಕಾ ಎನ್ನುತ್ತಿದ್ದ, ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡೇ. ಒಬ್ಬ ಮುದುಕಿ, ನನ್ನ ಸೊಸೆಯ ಕೈಯ ಸಾರು ತಿಂದರೆ ಬೇರೆ ಸಾರು ಬಾಯಿಗೆ ಹಿಡಿಸುವುದಿಲ್ಲ ಎಂದು ಹೇಳಿ, ಪಕ್ಕದಲ್ಲೇ ಇದ್ದ ಸೊಸೆಯ ಕಡೆ ನೋಡಿ ತಾನೇ ಬಾಯಿಗೆ ಸೆರಗು ಅಡ್ಡ ಹಿಡಿದಳು. ಸಂಜೆ ಐದಕ್ಕೆ ನಾನು ಮಾರ್ಕೆಟ್ಟಿನ ಕಟ್ಟೆಯ ಮೇಲೆ ಕೂತು ದಿನದ ಸುಳ್ಳುಗಳನ್ನು ಗಟ್ಟಿಯಾಗಿ ಓದಬೇಕು, ಅದೂ ಪಂಚಾಯಿತಿಯ ಠರಾವು. ಸಿನಿಮಾ ಟಾಕೀಸು ಮುಚ್ಚಿದ್ದ ಕಾಲದಲ್ಲಿ ಊರಿಗೆ ಅದೇ ಮನರಂಜನೆ. ಜನ ದೂರದೂರ ಕೂತು, ಮುಖಗವಸಿನೊಳಗೇ ನಕ್ಕು, ಇದು ಪರವಾಗಿಲ್ಲ, ಇದು ಹಳಸಲು ಎಂದು ತೀರ್ಪು ಕೊಡುತ್ತಿದ್ದರು.

ಊರೊಳಗಿನವರದ್ದೇ ಬೇರೆ ಕಥೆ. ಎರಡನೇ ಸೂಜಿ ಹಾಕಿಸಿಕೊಂಡ ಗಂಡಸರು ಹದಿನಾಲ್ಕು ದಿನ ಅಣ್ಣನ ಮನೆಗೋ ಗೆಳೆಯನ ಮನೆಗೋ ಹೋಗಿ ಇದ್ದುಬಿಡುತ್ತಿದ್ದರು. ಹೋಗಲು ಜಾಗವಿಲ್ಲದವರು ತಲೆತುಂಬ ಹೊದ್ದು ಮಲಗುತ್ತಿದ್ದರು. ದರ್ಜಿ ಇಮಾಮ್ ಸಾಬಿ ಅಂಗಡಿ ಮುಚ್ಚಲು ಮರೆತು, ಬಟ್ಟೆ ಯಾವಾಗ ಸಿಗುತ್ತದೆ ಎಂದು ಕೇಳಿದವರಿಗೆಲ್ಲ ನಿಜವಾದ ತಾರೀಖು ಹೇಳಿ ಅರ್ಧ ಗಿರಾಕಿಗಳನ್ನು ಕಳೆದುಕೊಂಡ. ಪಂಚಾಯಿತಿ ಅಧ್ಯಕ್ಷರಂತೂ ಒಂದಲ್ಲ ಒಂದು ನೆಪ ಹೇಳಿ ಎರಡನೇ ಸೂಜಿಯನ್ನು ಎಂಟು ತಿಂಗಳು ಮುಂದೂಡಿದರು. ನನ್ನ ಸರದಿ ಬಂದಾಗ ನಾನು ಬಾಗಿಲು ಹಾಕಿಕೊಂಡು ಹದಿನಾಲ್ಕು ದಿನವೂ ಹಪ್ಪಳ ಒತ್ತಿದೆ. ಹನ್ನೊಂದನೇ ದಿನ ಒಬ್ಬಳು ಕಿಟಕಿಯ ಹತ್ತಿರ ಬಂದು, ಹೊನ್ನಾಜಮ್ಮ, ನೀವು ನನ್ನ ಗಂಡನ ಬಗ್ಗೆ ಮದುವೆಗೆ ಮುಂಚೆ ಹೇಳಿದ್ದರಲ್ಲಿ ನಿಜ ಎಷ್ಟು ಎಂದು ಕೇಳಿದಳು. ನಾನು ಕಿಟಕಿ ಮುಚ್ಚಿದೆ. ಈಗಲೂ ಆ ಹೆಂಗಸು ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಾಳೆ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದುಕೊಂಡು ಹೋಗುತ್ತಿದ್ದಾಗ ಒಂದು ಬುಧವಾರ ಬೆಳಗಿನ ಬಸ್ಸಿನಿಂದ ಗುರುಸಿದ್ದಪ್ಪ ಇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕ್ಯಾನ್ವಾಸ್ ಚೀಲ, ಕಂಕುಳಲ್ಲಿ ಕೊಡೆ. ಇಪ್ಪತ್ತಾರು ವರ್ಷದ ಮೇಲೆ ನೋಡಿದರೂ ಗುರುತು ಸಿಕ್ಕಿತು. ನಾನು ಕೂಡಿಸಲು ಹೋದ ಸಂಬಂಧಗಳಲ್ಲಿ ನನ್ನ ಕಣ್ಣೆದುರಿಗೇ ಮುರಿದುಬಿದ್ದದ್ದು ಒಂದೇ ಒಂದು, ಮುರಿದವನು ಇವನೇ.

ಆಗ ಇವನನ್ನು ನಮ್ಮೂರಿನ ಸರ್ವಮಂಗಳನ ಮನೆಗೆ ಹೆಣ್ಣು ನೋಡಲು ಕರೆದುಕೊಂಡು ಬಂದಿದ್ದೆ. ಹುಡುಗನಿಗೆ ಇಪ್ಪತ್ತೈದು, ಹಾಡುತ್ತಾನೆ, ಕೋಪ ಎಂದರೆ ಏನೆಂದೇ ಗೊತ್ತಿಲ್ಲ ಎಂದೆಲ್ಲ ನಾನು ಮೊದಲೇ ಹೇಳಿಟ್ಟಿದ್ದೆ. ಸರ್ವಮಂಗಳನ ಸೋದರಮಾವ ಒಂದು ಹಾಡು ಹೇಳಪ್ಪ ಎಂದರೆ ಇವನು ಎದ್ದು ನಿಂತು, ನನಗೆ ಹಾಡು ಬರುವುದಿಲ್ಲ, ವಯಸ್ಸು ಇಪ್ಪತ್ತೊಂಬತ್ತು, ಕೋಪ ಬೇಕಾದಷ್ಟಿದೆ, ಇವರು ಹೇಳಿರುವುದರಲ್ಲಿ ನನ್ನ ಹೆಸರೊಂದೇ ಸರಿ ಎಂದ. ತುಂಬಿದ ಮನೆಯಲ್ಲಿ ನನ್ನ ಮಾನ ಹೋಯಿತು. ಅಷ್ಟು ಸಾಲದೆಂದು, ಹುಡುಗಿಯೇ ಮಾಡಿದ ಕೋಡುಬಳೆ ಹೇಗಿದೆ ಎಂದು ಅವಳ ಅಪ್ಪ ಕೇಳಿದ್ದಕ್ಕೆ, ಗಟ್ಟಿಯಾಗಿದೆ, ಹಲ್ಲು ನೋಯುತ್ತಿದೆ ಎಂದ. ಗಂಡಸರೆಲ್ಲ ಮುಖ ಗಂಟು ಹಾಕಿಕೊಂಡರು. ಬಾಗಿಲ ಹಿಂದೆ ನಿಂತಿದ್ದ ಸರ್ವಮಂಗಳ ಮಾತ್ರ ನಗು ತಡೆಯಲಾರದೆ ಅಡುಗೆಮನೆಗೆ ಓಡಿದ್ದನ್ನು ನಾನು ನೋಡಿದೆ. ಆದರೆ ಆಗ ಹುಡುಗಿ ನಕ್ಕರೆ ಯಾರು ಕೇಳುತ್ತಿದ್ದರು? ಸಂಬಂಧ ಮುರಿಯಿತು.

ಆಮೇಲೆ ಅವಳು ಬಂದ ಸಂಬಂಧಗಳನ್ನೆಲ್ಲ ಬೇಡವೆಂದು ನರ್ಸ್ ಕೆಲಸ ಕಲಿತು ನಮ್ಮೂರಿನ ಆಸ್ಪತ್ರೆಗೇ ಸೇರಿಕೊಂಡಳು. ಈ ರೋಗ ಬಂದ ಮೇಲೆ ಊರಿಗೆಲ್ಲ ಸೂಜಿ ಹಾಕುವವಳು ಅವಳೇ. ಗುರುಸಿದ್ದಪ್ಪ ಲಸಿಕೆಯ ಪೆಟ್ಟಿಗೆ ಕಳಿಸುವ ದಾಸ್ತಾನು ಕಚೇರಿಯಲ್ಲಿ ಇದ್ದನಂತೆ. ಪ್ರತಿ ಸೋಮವಾರ ಅವಳಿಗೆ ಫೋನು ಮಾಡಿ ಎಷ್ಟು ಪೆಟ್ಟಿಗೆ ಬರುತ್ತಿದೆ, ಐಸ್ ಎಷ್ಟಿದೆ ಎಂದು ಹೇಳುವುದು ಅವನ ಕೆಲಸ. ನಾಲ್ಕನೇ ಸೋಮವಾರವೋ ಐದನೆಯದೋ, ಪೆಟ್ಟಿಗೆ ಹನ್ನೆರಡು, ಐಸ್ ಸರಿಯಾಗಿದೆ, ನನಗಿನ್ನೂ ಮದುವೆಯಾಗಿಲ್ಲ ಎಂದನಂತೆ. ಅವಳು, ಪೆಟ್ಟಿಗೆ ಬಂದು ಸೇರಿದ ಮೇಲೆ ಹೇಳುತ್ತೇನೆ ಎಂದಳಂತೆ. ಇದನ್ನೆಲ್ಲ ಸರ್ವಮಂಗಳನೇ ನನಗೆ ಹೇಳಿದ್ದು, ಐವತ್ತಕ್ಕೆ ಎರಡೇ ವರ್ಷ ಬಾಕಿ ಇದ್ದ ಹೆಂಗಸು ಹದಿನಾರರ ಹುಡುಗಿಯ ಹಾಗೆ ಕೆಂಪಾಗಿ. ಶನಿವಾರ ಹತ್ತು ಗಂಟೆಗೆ ಮದುವೆ ರಿಜಿಸ್ಟರ್ ಮಾಡಿಸಲು ಸಮಯ ಗೊತ್ತುಮಾಡಿದ್ದರು.

ಆದರೆ ಸುತ್ತಲಿನ ಊರುಗಳಲ್ಲಿ ರೋಗ ಮತ್ತೆ ಏರುತ್ತಿತ್ತು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಗೇಟು ಮುಚ್ಚಬೇಕು, ಮೂರು ತಿಂಗಳು ಯಾರಿಗೂ ತೆಗೆಯಕೂಡದು ಎಂದು ಪಂಚಾಯಿತಿಯಲ್ಲಿ ತೀರ್ಮಾನವಾಗಿತ್ತು. ಹಿಂದಿನ ಸಲ ಒಂದು ತಿಂಗಳೆಂದು ಮುಚ್ಚಿದ್ದು ಏಳು ತಿಂಗಳಾಯಿತು. ಆಗ ಒಳಗೆ ಬರಲು ಕಾಯುತ್ತಿದ್ದವರಲ್ಲಿ ಕೆಲವರು ಬರಲೇ ಇಲ್ಲ. ಸರ್ವಮಂಗಳ ಹೊರಗೆ ಹೋಗುವ ಹಾಗಿರಲಿಲ್ಲ, ಇನ್ನೂ ಮುನ್ನೂರು ಜನಕ್ಕೆ ಎರಡನೇ ಸೂಜಿ ಬಾಕಿ ಇತ್ತು, ಹಾಕುವ ಕೈ ಅವಳದ್ದೊಂದೇ. ಅಂದರೆ ಗುರುಸಿದ್ದಪ್ಪ ಶುಕ್ರವಾರ ಸೂರ್ಯ ಮುಳುಗುವುದರೊಳಗೆ ಒಂದು ಸುಳ್ಳು ಹೇಳಿ ಒಳಗೆ ಬರಬೇಕು. ಅಷ್ಟೇ ಕೆಲಸ.

ತೋಳು ತೋರಿಸಿದ. ಎರಡು ಗುರುತು ಚೆನ್ನಾಗಿದ್ದವು. ಎರಡನೆಯದು ಹಾಕಿಸಿಕೊಂಡು ನಲವತ್ತು ದಿನವಾಯಿತು ಎಂದ. ಇವನು ಹೇಳಿದ ಮೇಲೆ ನಲವತ್ತೇ ಇರುತ್ತದೆ, ಆದರೂ ನಿಯಮ ನಿಯಮವೇ. ಹಳೆಯದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ನಾನು ಸ್ವಲ್ಪ ಬಿಗುವಾಗಿಯೇ, ಹೇಳಿ ಸ್ವಾಮಿ ಎಂದೆ. ಅವನು ಬಾಯಿ ತೆರೆದ, ಮುಚ್ಚಿದ. ಹಣೆಯಲ್ಲಿ ಬೆವರು ಬಂತು. ಬಹಳ ಹೊತ್ತಿನ ಮೇಲೆ, ನಾನು ಬಸ್ಸಿನಲ್ಲಿ ಬಂದೆ ಎಂದ. ಅದು ನಿಜವಲ್ಲವೇ ಎಂದೆ. ಹೌದು ಎಂದು ಒಪ್ಪಿಕೊಂಡ. ಹಿಂದೆ ನಿಂತಿದ್ದ ಲಾರಿ ಡ್ರೈವರು ತಾಳ್ಮೆಗೆಟ್ಟು, ಆಕಾಶ ಹಸಿರಾಗಿದೆ ಅನ್ನಿ ಸಾರ್ ಎಂದು ಕೂಗಿದ. ಹೋಯಿತು, ಅದು ಕಲಿಸಿಕೊಟ್ಟದ್ದಾಯಿತು, ಆಕಾಶದ ಬಾಬ್ತು ಅಲ್ಲಿಗೆ ಮುಗಿಯಿತು. ಬುಧವಾರವಿಡೀ ಗುರುಸಿದ್ದಪ್ಪ ಗೇಟಿನಾಚೆಯ ತಗಡಿನ ಶೆಡ್ಡಿನಲ್ಲಿ ಕೂತು ಯೋಚಿಸಿದ. ಸಂಜೆ ನಾನು ಮಾರ್ಕೆಟ್ಟಿನಲ್ಲಿ ಓದುವಾಗ, ಒಬ್ಬರಿಂದ ಸುಳ್ಳು ಬಂದಿಲ್ಲ ಎಂದು ಹೇಳಿದ್ದಕ್ಕೆ ಊರೆಲ್ಲ ಸುದ್ದಿಯಾಯಿತು.

ಗುರುವಾರ ಬೆಳಿಗ್ಗೆ ಅರ್ಧ ಊರು ಗೇಟಿನ ಒಳಗಡೆ ಸೇರಿತ್ತು. ಸರ್ವಮಂಗಳ ಸಿಸ್ಟರ ಕೈಯಲ್ಲಿ ಸೂಜಿ ಹಾಕಿಸಿಕೊಳ್ಳದವರು ಯಾರಿದ್ದಾರೆ ಊರಲ್ಲಿ? ಎಲ್ಲರಿಗೂ ಅವಳ ಮದುವೆ ಆಗಬೇಕು. ಒಬ್ಬೊಬ್ಬರೂ ಗೇಟಿನ ಕಂಬಿ ಹಿಡಿದು, ನೋಡಿ ಹೀಗೆ, ಎಷ್ಟು ಸುಲಭ ಎಂದು ತಮ್ಮ ಸುಳ್ಳು ಹೇಳಿ ತೋರಿಸುವವರೇ. ಅವರು ಹೇಳಿದ್ದನ್ನೆಲ್ಲ ಅವನು ಮತ್ತೆ ಹೇಳುವ ಹಾಗಿಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೇಳಬಹುದಾದ ಸಣ್ಣಪುಟ್ಟ ಸುಳ್ಳುಗಳೆಲ್ಲ ಖರ್ಚಾಗಿದ್ದವು. ನಾನು ಎಲ್ಲರನ್ನೂ ಬೈದು ಓಡಿಸಿದೆ.

ಜನ ಹೋದ ಮೇಲೆ ಒಂದು ತಟ್ಟೆ ಅವಲಕ್ಕಿಯನ್ನು ಕಂಬಿಯ ಸಂದಿಯಲ್ಲಿ ಅವನಿಗೆ ಕೊಟ್ಟು, ಅವನು ತಿನ್ನುತ್ತಿದ್ದಾಗ ನಾನೇ ರಿಜಿಸ್ಟರಿನಲ್ಲಿ ಬರೆದೆ: ಗುರುಸಿದ್ದಪ್ಪ, ತಾನು ಮನೆಯಲ್ಲಿ ಹುಲಿ ಸಾಕಿರುವುದಾಗಿ ಹೇಳಿದರು. ಈ ವಯಸ್ಸಿನಲ್ಲಿ ಇಷ್ಟು ಪುಣ್ಯವಾದರೂ ಕಟ್ಟಿಕೊಳ್ಳೋಣ ಎಂದು ಬರೆದದ್ದು. ರಿಜಿಸ್ಟರು ಮುಂದಿಟ್ಟು, ಏನೂ ಓದಬೇಡಿ, ಕಣ್ಣು ಮುಚ್ಚಿಕೊಂಡು ರುಜು ಹಾಕಿ, ಒಳಗೆ ಬನ್ನಿ ಎಂದೆ. ಅವನು ಕೈ ತೊಳೆದು, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಓದಿ, ಇದು ನಾನು ಹೇಳಿದ್ದಲ್ಲ ಎಂದು ವಾಪಸು ಕೊಟ್ಟ. ನನ್ನ ಮೈಯೆಲ್ಲ ಉರಿದುಹೋಯಿತು.

"ಅಲ್ಲ ಕಣಪ್ಪ, ನಿಂಗೆ ಆ ಹುಡುಗಿ ಬೇಕೋ ಬೇಡ್ವೋ? ಅಂದೂ ಹಿಂಗೇ ಮಾಡ್ದೆ, ಇವತ್ತೂ ಹಿಂಗೇ ಮಾಡ್ತಿದೀಯ" ಎಂದು ಕೇಳಿದೆ.

"ಬೇಕು" ಎಂದ. ಆಮೇಲೆ ತಟ್ಟೆ ನೋಡಿಕೊಂಡು, "ಬೇಕು ಹೊನ್ನಾಜಮ್ಮಾರೆ. ಬೇರೇನೂ ಬೇಡ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಅವರ ನೆನಪೇ ಬರ್ತದೆ. ಆದ್ರೆ ಬಾಯಿಗೆ ಸುಳ್ಳು ಬರ್ತಿಲ್ವಲ್ಲ, ನಾನೇನ್ ಮಾಡ್ಲಿ?" ಎಂದ.

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಇಷ್ಟು ವರ್ಷ ಗಂಡುಗಳ ಬಾಯಿಂದ ಎಷ್ಟೆಷ್ಟು ಕೇಳಿದ್ದೇನೆ, ಇಂಥ ಮಾತು ಕೇಳಿರಲಿಲ್ಲ. ಇದನ್ನು ಸರ್ವಮಂಗಳನಿಗೆ ಹೇಳಿದೆಯಾ ಎಂದೆ. ಫೋನಿನಲ್ಲಿ ಅವಳು ಯಾವಾಗಲೂ ಆತುರದಲ್ಲಿರುತ್ತಾಳೆ, ಐಸ್ ಕರಗುತ್ತದೆ ಎಂದು ಇಟ್ಟುಬಿಡುತ್ತಾಳೆ, ಬಂದ ಮೇಲೆ ಹೇಳೋಣ ಅಂತಿದ್ದೆ ಎಂದ. ನಾನು ಆ ಪುಟವನ್ನು ಹೊಡೆದುಹಾಕಿ ಮನೆಗೆ ಹೋದೆ. ರಾತ್ರಿ ಊಟ ಸೇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕಳೆಯಿತು. ಮೂರು ಸಲ ಪ್ರಯತ್ನ ಮಾಡಿದ. ಒಂದು ಸಲ, ನನಗೆ ಈಜು ಬರುತ್ತದೆ ಎನ್ನಲು ಹೊರಟು, ಈಜು ಎನ್ನುವಷ್ಟರಲ್ಲಿ ಕಣ್ಣು ಕೆಳಗಿಳಿಸಿ, ಬರುವುದಿಲ್ಲ ಎಂದು ಮುಗಿಸಿದ. ಇನ್ನೊಂದು ಸಲ ಬರೀ ಕೆಮ್ಮಿದ. ಐದಕ್ಕೆ ಊರಿನವರು ಮಾರ್ಕೆಟ್ಟಿನಲ್ಲಿ ಕಾಯುತ್ತಿದ್ದರೂ ನಾನು ಓದಲು ಹೋಗಲಿಲ್ಲ. ಐದೂವರೆಗೆ ಸರ್ವಮಂಗಳ ಆಸ್ಪತ್ರೆಯಿಂದ ನೇರವಾಗಿ ಬಂದಳು, ಬಿಳಿ ಸೀರೆಯಲ್ಲೇ, ಬೆಳಗಿನಿಂದ ಎಂಬತ್ತು ಜನಕ್ಕೆ ಸೂಜಿ ಹಾಕಿದ ಕೈ ಒರೆಸಿಕೊಳ್ಳುತ್ತ. ಎರಡು ದಿನ ಇತ್ತ ಬಂದಿರಲಿಲ್ಲ, ತಾನು ಎದುರಿಗಿದ್ದರೆ ಅವನಿಗೆ ಇನ್ನೂ ಕಷ್ಟವಾಗುತ್ತದೆ ಎಂದು. ಇಪ್ಪತ್ತಾರು ವರ್ಷದ ಮೇಲೆ ಅವರಿಬ್ಬರೂ ಎದುರುಬದುರಾದದ್ದು ಹೀಗೆ, ನಡುವೆ ಕಬ್ಬಿಣದ ಕಂಬಿ ಇಟ್ಟುಕೊಂಡು. ಅವಳು ಅವನ ಬೋಳು ತಲೆ ನೋಡಿದಳು, ಅವನು ಅವಳ ನರೆಗೂದಲು ನೋಡಿದ. ನಾನು ಕುರ್ಚಿಯನ್ನು ಸ್ವಲ್ಪ ಆಚೆಗೆ ಎಳೆದುಕೊಂಡೆ, ಹೆಚ್ಚು ಆಚೆಗೇನಲ್ಲ.

ಸೂರ್ಯ ಗುಡ್ಡಕ್ಕೆ ತಾಗಿದ. ಸರ್ವಮಂಗಳ ಅಳುವ ಹೆಣ್ಣಲ್ಲ. ರೋಗದಲ್ಲಿ ಸ್ವಂತ ತಮ್ಮ ಹೋದಾಗಲೂ ಮರುದಿನ ಕೆಲಸಕ್ಕೆ ಬಂದವಳು. ಆದರೆ ಆಗ ಕಂಬಿ ಹಿಡಿದುಕೊಂಡು, ಮೂರು ತಿಂಗಳೆಂದರೆ ಎಷ್ಟಾಗುತ್ತದೋ ಯಾರಿಗೆ ಗೊತ್ತು, ಈ ಕಾಲದಲ್ಲಿ ಯಾರು ಇರುತ್ತಾರೋ ಯಾರು ಹೋಗುತ್ತಾರೋ ಎಂದವಳು ಮುಂದೆ ಮಾತಾಡಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಗುರುಸಿದ್ದಪ್ಪ ಅದನ್ನು ನೋಡಲಾರದೆ ಒಂದು ಹೆಜ್ಜೆ ಹಿಂದೆ ಹೋದ, ಮತ್ತೆ ಮುಂದೆ ಬಂದ. ಬಿಕ್ಕು ನಿಲ್ಲಿಸಲು ಏನು ಮಾಡುವುದೆಂದು ಗೊತ್ತಾಗದೆ ಅವನ ಕೈ ಗಾಳಿಯಲ್ಲಿ ಆಡುತ್ತಿತ್ತು.

"ಅಳ್ಬೇಡಿ ಸಿಸ್ಟರ್" ಎಂದ. "ನಂಗೇನೂ ಅಷ್ಟು ಬೇಜಾರಿಲ್ಲ. ಒಬ್ನೇ ಇದ್ದು ಅಭ್ಯಾಸ ಆಗೋಗದೆ. ನಿಜ ಹೇಳ್ಬೇಕಂದ್ರೆ ನಂಗೆ ಬರೋ ಆಸೆನೂ ಅಂಥಾದ್ದೇನ್ ಇರ್ಲಿಲ್ಲ, ಹೆಂಗೂ ರಜ ಇತ್ತಲ್ಲ ಅಂತ ಬಂದೆ. ಹೋಗಿ, ಮನೆಗ್ ಹೋಗಿ ಊಟ ಮಾಡಿ. ನಾಳೆ ಹೊತ್ಗೆ ನಾನು ಮರ್ತೇಬಿಟ್ಟಿರ್ತೀನಿ."

ಒಂದು ತಡವರಿಕೆ ಇಲ್ಲ. ಮೂವತ್ತೆರಡು ವರ್ಷದಲ್ಲಿ ಇಷ್ಟು ಚೆನ್ನಾದ ಸುಳ್ಳು ಕೇಳಿರಲಿಲ್ಲ. ಪೆನ್ನು ತೆಗೆದುಕೊಂಡು ಬರೆಯತೊಡಗಿದೆ.

ತಲೆಯೆತ್ತಿ ನೋಡಿದರೆ ಸರ್ವಮಂಗಳನ ಅಳು ನಿಂತಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ. "ಹಂಗಾ" ಎಂದಳು. ಸೆರಗು ಸರಿಮಾಡಿಕೊಂಡು ತಿರುಗಿ ಊರ ಕಡೆ ನಡೆಯತೊಡಗಿದಳು.

ಅವಳು ನಂಬಿಬಿಟ್ಟಿದ್ದಳು. ಯಾಕೆ ನಂಬುವುದಿಲ್ಲ? ಈ ಮನುಷ್ಯ ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದವನಲ್ಲ, ಅವಳ ಕೋಡುಬಳೆ ಗಟ್ಟಿ ಎಂದವನು. ಅದಕ್ಕೇ ಅಲ್ಲವೇ ಅವಳು ಇವನನ್ನು ಮೆಚ್ಚಿದ್ದು! ನಾನು ಎದ್ದು ನಿಂತು, ಸರ್ವಮಂಗಳ, ನಿಲ್ಲೇ, ಅದು ಸುಳ್ಳು ಕಣೇ ಎಂದು ಕೂಗಿದೆ. ಅವಳು ತಿರುಗಿಯೂ ನೋಡದೆ, "ಸುಮ್ನಿರಿ ಹೊನ್ನಾಜಮ್ಮ. ಅವರು ಸುಳ್ಳು ಹೇಳೋರಲ್ಲ. ನಿಮ್ಮ ಮಾತು ನಂಬಿದೋರ ಗತಿ ನಂಗೊತ್ತು" ಎಂದಳು. ಇಷ್ಟು ವರ್ಷ ನಾಲಿಗೆಯಲ್ಲೇ ಬದುಕಿದ ನಾನು ಒಂದು ನಿಜ ಹೇಳಿದರೆ ನಂಬುವವರಿಲ್ಲವಲ್ಲ ಎಂದು ನನಗೇ ಅಳು ಬಂತು.

ಗುರುಸಿದ್ದಪ್ಪನಿಗೆ ತಾನೇನು ಮಾಡಿದೆ ಎಂಬುದೇ ಇನ್ನೂ ತಿಳಿದಿರಲಿಲ್ಲ. ಅವಳ ಅಳು ನಿಂತಿತಲ್ಲ ಎಂದು ನೋಡುತ್ತ ನಿಂತಿದ್ದ. ನಾನು ರಿಜಿಸ್ಟರನ್ನು ಕಂಬಿಯ ಸಂದಿಯಲ್ಲಿ ಅವನ ಮೂಗಿಗೆ ಹಿಡಿದು, ಇದು ನೀನು ಹೇಳಿದ್ದು ತಾನೇ ಎಂದೆ. ಕನ್ನಡಕ ಹುಡುಕಿದ. ಅಯ್ಯೋ ಶಿವನೇ, ಅದು ಅವನ ತಲೆಯ ಮೇಲೇ ಇತ್ತು. ಒಂದೊಂದೇ ಸಾಲು ಓದಿದ. ಬೇಜಾರಿಲ್ಲ. ಆಸೆ ಇರಲಿಲ್ಲ. ಮರೆತುಬಿಟ್ಟಿರುತ್ತೇನೆ. ಓದುತ್ತ ಓದುತ್ತ ಅವನ ಮುಖ ಬದಲಾಯಿತು.

"ಇದು ನಿಜವೋ ಸುಳ್ಳೋ?" ಎಂದು ಕೇಳಿದೆ.

"ಸುಳ್ಳು" ಎಂದ. ಕದ್ದು ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ್ದ. "ಪೂರ್ತಿ ಸುಳ್ಳು."

ಹಾಕು ರುಜು ಎಂದೆ. ಹಾಕಿದ. ಅವನ ಹೆಸರು ಅಷ್ಟುದ್ದ ಯಾಕಿತ್ತೋ, ಬರೆದು ಮುಗಿಸುವಷ್ಟರಲ್ಲಿ ಸರ್ವಮಂಗಳ ಗಿರಣಿಯ ತಿರುವಿನ ಹತ್ತಿರ ಹೋಗಿದ್ದಳು. ಗುಡ್ಡದ ಮೇಲೆ ಸೂರ್ಯನ ಒಂದು ಎಳೆ ಮಾತ್ರ ಉಳಿದಿತ್ತು. ಬೀಗದ ಕೈ ಎರಡು ಸಲ ನನ್ನ ಕೈಯಿಂದ ಬಿತ್ತು. ಕೊನೆಗೂ ಬೀಗ ಬಿಟ್ಟಿತು, ಗೇಟನ್ನು ಭುಜ ಕೊಟ್ಟು ನೂಕಿದೆ.

ಆ ಗೇಟು ಎಣ್ಣೆ ಕಂಡು ಯಾವ ಕಾಲವಾಯಿತೋ. ತೆಗೆದರೆ ಗಿರಣಿಯವರೆಗೂ ಕೇಳಿಸುವ ಹಾಗೆ ಕಿರುಗುಟ್ಟುತ್ತದೆ. ಸರ್ವಮಂಗಳ ನಿಂತಳು. ನನ್ನ ಮಾತನ್ನು ನಂಬದಿದ್ದರೆ ಬೇಡ, ಆ ಗೇಟು ಯಾವುದಕ್ಕೆ ತೆರೆಯುತ್ತದೆ ಎಂದು ಊರಿನ ಎಲ್ಲರ ಹಾಗೆ ಅವಳಿಗೂ ಗೊತ್ತಿತ್ತು. ಮೆಲ್ಲಗೆ ತಿರುಗಿದಳು. ಗುರುಸಿದ್ದಪ್ಪ ಚೀಲ, ಕೊಡೆ ಎರಡನ್ನೂ ನನ್ನ ಮೇಜಿನ ಮೇಲೆ ಬಿಟ್ಟು ಅವಳ ಕಡೆ ಓಡುತ್ತಿದ್ದ. ಐವತ್ತೈದು ವರ್ಷದವನ ಓಟ ಅದು, ಚಪ್ಪಲಿ ಒಂದು ಕಡೆ ಕಾಲು ಒಂದು ಕಡೆ. ಅವನು ಬರುವವರೆಗೆ ಅವಳು ಕಾಯಲಿಲ್ಲ, ತಾನೂ ಬಂದಳು. ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಇಬ್ಬರೂ ನಿಂತರು, ಹಾಗಾಗಿ ನನಗೆ ಪ್ರತಿಯೊಂದು ಮಾತೂ ಕೇಳಿಸಿತು.

"ಸುಳ್ಳಾ?" ಎಂದಳು.

"ಹೌದು."

"ಆಸೆ ಇರ್ಲಿಲ್ಲ ಅಂದಿದ್ದು?"

"ಅದೂನೂ."

"ಮರ್ತುಬಿಡ್ತೀನಿ ಅಂದಿದ್ದು?"

ಅವನು ಉಸಿರು ಎಳೆದುಕೊಳ್ಳುತ್ತ, ಅದೂ ಸುಳ್ಳೇ ಎಂಬಂತೆ ತಲೆಯಾಡಿಸಿದ. ಅವಳು ಕೈಯಲ್ಲಿದ್ದ ಕರವಸ್ತ್ರದಿಂದ ಅವನ ಹಣೆಯ ಬೆವರು ಒರೆಸಿ, ಊರ ಕಡೆ ಕರೆದುಕೊಂಡು ಹೊರಟಳು.